ಕಚೇರಿ ಗಣಕಯಂತ್ರದಲ್ಲಿ ಕೇಳದೆ ನೆಲೆಸುವ ಸೇರ್ಪಡೆಗಳು: ಗುರುತಿಸುವ ಮತ್ತು ತೆಗೆಯುವ ಕ್ರಮ



ಗಣಕಯಂತ್ರವನ್ನು ಬಿಟ್ಟು ನಡೆಯುವ ಕೆಲಸ ಇಂದು ಗ್ರಾಮ ಪಂಚಾಯಿತಿ ಕಚೇರಿಯಲ್ಲಿ ಬಹಳ ಕಡಿಮೆ. ಆಸ್ತಿಗಳ ನಮೂನೆ 9 ಮತ್ತು ನಮೂನೆ 11 ಇ-ಸ್ವತ್ತು ತಂತ್ರಾಂಶದಿಂದ ಹೊರಬರುತ್ತವೆ. ಜಮಾ-ಖರ್ಚು ಪಂಚತಂತ್ರ ತಂತ್ರಾಂಶದಲ್ಲಿ ದಾಖಲಾಗುತ್ತದೆ. ಹಣಕಾಸು ಆಯೋಗದ ಅನುದಾನದ ಪಾವತಿಯು ಇ-ಗ್ರಾಮ್ ಸ್ವರಾಜ್ ಮೂಲಕ ಡಿಜಿಟಲ್ ಸಹಿಯೊಂದಿಗೆ ನಡೆಯುತ್ತದೆ. ಇವೆಲ್ಲ ಅಂತರ್ಜಾಲದ ಮೂಲಕ ನಡೆಯುವ ಕೆಲಸಗಳು. ಇವುಗಳ ಜೊತೆಗೆ ಸಭೆಯ ನೋಟಿಸು, ನಡವಳಿ, ಮೇಲಧಿಕಾರಿಗಳಿಗೆ ಬರೆಯುವ ಪತ್ರ, ನೀರಿನ ಕರದ ಬೇಡಿಕೆ-ವಸೂಲಿ-ಬಾಕಿ ಪಟ್ಟಿ, ಫಲಾನುಭವಿಗಳ ಪಟ್ಟಿ ಮೊದಲಾದವು ಕಚೇರಿಯ ಯಂತ್ರದಲ್ಲಿಯೇ ಇರುವ ವರ್ಡ್ ಮತ್ತು ಎಕ್ಸೆಲ್ ತಂತ್ರಾಂಶಗಳಲ್ಲಿ ಸಿದ್ಧವಾಗುತ್ತವೆ. ಈ ಎರಡನೆಯ ಬಗೆಯ ಕೆಲಸಕ್ಕೆ ಸದ್ದಿಲ್ಲದೆ ಅಡ್ಡಿಯಾಗುವ ಒಂದು ದೋಷವೇ ಇಂದಿನ ವಿಷಯ.

ಇದು ಸಿಬ್ಬಂದಿಯ ಕೆಲಸವಲ್ಲವೇ, ಸದಸ್ಯರಿಗೇಕೆ ಈ ಮಾತು ಎಂಬ ಪ್ರಶ್ನೆ ಸಹಜ. ಗಣಕಯಂತ್ರ ನಿಧಾನವಾಗಿದೆ, ಹೊಸದನ್ನು ಖರೀದಿಸಬೇಕು ಎಂಬ ಟಿಪ್ಪಣಿ ಸಭೆಯ ಮುಂದೆ ಬಂದಾಗ ಅದಕ್ಕೆ ಅನುಮೋದನೆ ನೀಡುವವರು ಸದಸ್ಯರು. ಆ ಹಣ ಗ್ರಾಮಸ್ಥರು ಕಟ್ಟಿದ ಮನೆಗಂದಾಯ ಮತ್ತು ನೀರಿನ ಕರದಿಂದ ಬರುವ ಸ್ವಂತ ಸಂಪನ್ಮೂಲವಾಗಿದ್ದರೆ ಹೊಣೆ ಇನ್ನೂ ಹೆಚ್ಚು. ದೋಷ ಯಂತ್ರದಲ್ಲಿದೆಯೋ, ಯಂತ್ರದೊಳಗೆ ಕೇಳದೆ ಬಂದು ಕುಳಿತ ತಂತ್ರಾಂಶದಲ್ಲಿದೆಯೋ ಎಂದು ವಿಚಾರಿಸದೆ ಒಪ್ಪಿಗೆ ನೀಡಿದರೆ, ಹೊಸ ಯಂತ್ರಕ್ಕೂ ಅದೇ ಪ್ರಿಂಟರಿನ ಅದೇ ಸಿ.ಡಿ. ಹಾಕಲಾಗುತ್ತದೆ, ಅದೇ ದೋಷ ಮರಳಿ ಬರುತ್ತದೆ.

ಮೊದಲು ಎರಡು ಪದಗಳ ಅರ್ಥ ತಿಳಿಯಬೇಕು. ಪ್ರಿಂಟರ್, ಸ್ಕ್ಯಾನರ್, ಬ್ಲೂಟೂತ್ ಮೊದಲಾದ ಸಾಧನಗಳ ಭಾಷೆ ಗಣಕಯಂತ್ರಕ್ಕೆ ತಾನಾಗಿ ತಿಳಿಯುವುದಿಲ್ಲ. ಸಾಧನಕ್ಕೂ ಯಂತ್ರಕ್ಕೂ ನಡುವೆ ದುಭಾಷಿಯಂತೆ ಕೆಲಸ ಮಾಡುವ ತಂತ್ರಾಂಶವೇ ಡ್ರೈವರ್. ಅದಿಲ್ಲದೆ ಸಾಧನ ನಡೆಯದು. ಆಡ್-ಇನ್ ಎಂಬುದು ಬೇರೆ. ವರ್ಡ್ ಅಥವಾ ಎಕ್ಸೆಲ್‌ನ ಒಳಗೆ ಸೇರಿಕೊಂಡು, ಅದರ ಮೇಲ್ಪಟ್ಟಿಯಲ್ಲಿ ಹೊಸ ಗುಂಡಿಯನ್ನೋ ಹೊಸ ಪಟ್ಟಿಯನ್ನೋ ಮೂಡಿಸುವ ಸೇರ್ಪಡೆ ಅದು. ಡ್ರೈವರ್ ಸಾಧನಕ್ಕೆ ಅವಶ್ಯ; ಆಡ್-ಇನ್ ಬಹುಪಾಲು ಸಂದರ್ಭಗಳಲ್ಲಿ ಅವಶ್ಯವಲ್ಲ. ತಯಾರಕರು ಇವೆರಡನ್ನೂ ಒಂದೇ ಕಟ್ಟಿನಲ್ಲಿ ಕೊಡುವುದರಿಂದ, ಡ್ರೈವರ್ ಹಾಕಲು ಹೊರಟವರು ಆಡ್-ಇನ್ ಅನ್ನೂ ಹಾಕಿಕೊಂಡಿರುತ್ತಾರೆ. ಮಾವಿನ ಮರಕ್ಕೆ ಬಂದಳಿಕೆ ಹತ್ತಿದರೆ ದೂರದಿಂದ ನೋಡುವವರಿಗೆ ಮರವೇ ಚಿಗುರಿದಂತೆ ಕಾಣುತ್ತದೆ. ಸಾರ ಹೀರುವುದು ಮಾತ್ರ ಬೇರೆಯ ಗಿಡ. ಈ ಸೇರ್ಪಡೆಗಳ ರೀತಿಯೂ ಅಂಥದ್ದೇ.

ಇದಕ್ಕೆ ಬಹುಕಾಲದಿಂದ ತಿಳಿದಿರುವ ಉದಾಹರಣೆ ‘ಸೆಂಡ್ ಟು ಬ್ಲೂಟೂತ್’. ಬ್ರಾಡ್‌ಕಾಮ್, ಇಂಟೆಲ್ ಕಂಪನಿಗಳ ಬ್ಲೂಟೂತ್ ಡ್ರೈವರ್‌ಗಳ ಜೊತೆಗೆ ಬರುತ್ತಿದ್ದ ಈ ಸೇರ್ಪಡೆ, ತೆರೆದಿರುವ ಕಡತವನ್ನು ಬ್ಲೂಟೂತ್ ಮೂಲಕ ಮೊಬೈಲಿಗೆ ಕಳುಹಿಸುವ ಗುಂಡಿಯೊಂದನ್ನು ವರ್ಡ್ ಮತ್ತು ಎಕ್ಸೆಲ್‌ನಲ್ಲಿ ಕೂರಿಸುತ್ತಿತ್ತು. ಪಂಚಾಯಿತಿ ಕಚೇರಿಯಲ್ಲಿ ಆ ಗುಂಡಿಯನ್ನು ಒತ್ತುವವರು ಯಾರೂ ಇಲ್ಲ. ಆದರೆ ಅದರಿಂದಾಗಿ ವರ್ಡ್ ಮುಚ್ಚುವಾಗಲೆಲ್ಲ ‘ನಾರ್ಮಲ್ ಎಂಬ ಮೂಲ ಮಾದರಿ ಕಡತದಲ್ಲಿ ಬದಲಾವಣೆಯಾಗಿದೆ, ಉಳಿಸಬೇಕೇ’ ಎಂಬ ಪ್ರಶ್ನೆ ಎದುರಾಗುತ್ತಿತ್ತು. ಯಾರೂ ಏನನ್ನೂ ಬದಲಿಸಿಲ್ಲ, ಆದರೂ ಪ್ರಶ್ನೆ ನಿಲ್ಲುವುದಿಲ್ಲ. ಎರಡನೆಯ ಬಗೆ, ಸ್ಕ್ಯಾನರ್ ಮತ್ತು ಬಹೂಪಯೋಗಿ ಪ್ರಿಂಟರ್‌ಗಳ ಜೊತೆಗೆ ಬರುವ ಪಿಡಿಎಫ್ ತಯಾರಿಕೆಯ ಹಾಗೂ ಅಕ್ಷರ ಗುರುತಿಸುವ ತಂತ್ರಾಂಶಗಳು. ಇವು ವರ್ಡ್‌ನ ಮೇಲ್ಪಟ್ಟಿಯಲ್ಲಿ ತಮ್ಮದೊಂದು ವಿಭಾಗವನ್ನೇ ತೆರೆಯುತ್ತವೆ. ವಾಸ್ತವವಾಗಿ 2009ರಲ್ಲಿ ಬಂದ ಆಫೀಸ್ 2007ರ ಎರಡನೆಯ ಸರ್ವೀಸ್ ಪ್ಯಾಕ್‌ನಿಂದ ಈಚೆಗೆ ವರ್ಡ್ ತಾನೇ ಪಿಡಿಎಫ್ ಉಳಿಸಬಲ್ಲದು. ಲಿಬ್ರೆ ಆಫೀಸ್‌ನಲ್ಲಿಯೂ ಈ ಅನುಕೂಲ ಮೊದಲಿನಿಂದ ಇದೆ. ಮನೆಯಲ್ಲಿ ಒಂದು ಬಾವಿಯಿರುವಾಗ ಮತ್ತೊಬ್ಬರು ಬಂದು ಅಂಗಳದಲ್ಲಿ ಇನ್ನೊಂದನ್ನು ತೋಡಿ ಹೋದ ಹಾಗೆ.

ಸೇರ್ಪಡೆಯೊಂದು ಇಡೀ ತಂತ್ರಾಂಶವನ್ನು ಹೇಗೆ ಕೆಡಿಸುತ್ತದೆ ಎಂಬುದನ್ನು ತಿಳಿದರೆ ಪರಿಹಾರ ಸುಲಭ. ವರ್ಡ್ ತೆರೆಯುವ ಕ್ಷಣದಲ್ಲಿ ಅದು ವಿಂಡೋಸ್‌ನ ರಿಜಿಸ್ಟ್ರಿ ಎಂಬ ದಾಖಲಾತಿಯಲ್ಲಿ ತನಗೆ ಸೇರಿದ ಆಡ್-ಇನ್‌ಗಳ ಪಟ್ಟಿಯನ್ನು ನೋಡುತ್ತದೆ. ಪ್ರತಿಯೊಂದರ ಮುಂದೆ ಒಂದು ಅಂಕಿ ಇರುತ್ತದೆ. 3 ಎಂದಿದ್ದರೆ ಪ್ರಾರಂಭದಲ್ಲಿಯೇ ಅದನ್ನು ಒಳಗೆ ತರುತ್ತದೆ; 2 ಎಂದಿದ್ದರೆ ತರುವುದಿಲ್ಲ. ಡ್ರೈವರ್‌ನೊಂದಿಗೆ ಬಂದ ಸೇರ್ಪಡೆಗಳು ಸಾಮಾನ್ಯವಾಗಿ 3 ಎಂದೇ ದಾಖಲಾಗಿರುತ್ತವೆ. ಒಳಗೆ ಬಂದ ಸೇರ್ಪಡೆ ವರ್ಡ್‌ನ ಭಾಗವಾಗಿಯೇ ನಡೆಯುವುದರಿಂದ, ಅದು ತಡಮಾಡಿದರೆ ವರ್ಡ್ ತಡಮಾಡುತ್ತದೆ. ಅದು ಮುಗ್ಗರಿಸಿದರೆ ವರ್ಡ್ ಬೀಳುತ್ತದೆ. ಬರೆಯುತ್ತಿದ್ದ ನಡವಳಿ ಉಳಿಸಿರದಿದ್ದರೆ ಅದೂ ಹೋಗುತ್ತದೆ. ಹಳೆಯ ಪ್ರಿಂಟರ್ ಗುಜರಿ ಸೇರಿದ ಮೇಲೂ ಅದರ ಸೇರ್ಪಡೆ ಯಂತ್ರದಲ್ಲಿ ಉಳಿದಿರಬಹುದು. ಇಲ್ಲದ ಸಾಧನವನ್ನು ಅದು ಪ್ರತಿದಿನ ಹುಡುಕುತ್ತಲೇ ಇರುತ್ತದೆ.

ಇದರ ಫಲ ಸಮಯದ ನಷ್ಟವೊಂದೇ ಅಲ್ಲ. ಹೀಗೊಂದು ಸನ್ನಿವೇಶವನ್ನು ಊಹಿಸಬಹುದು. ಬೇಡಿಕೆ-ವಸೂಲಿ-ಬಾಕಿ ಪಟ್ಟಿಯನ್ನು ನೋಡಲೆಂದು ಮಾತ್ರ ತೆರೆದ ಸಿಬ್ಬಂದಿಯ ಕೈತಪ್ಪಿನಿಂದ ಒಂದು ಮನೆಯ ಬಾಕಿಯ ಅಂಕಿ ಅಳಿಸಿಹೋಗುತ್ತದೆ. ಮುಚ್ಚುವಾಗ ‘ಬದಲಾವಣೆಗಳನ್ನು ಉಳಿಸಬೇಕೇ’ ಎಂದು ಎಕ್ಸೆಲ್ ಕೇಳುತ್ತದೆ. ಅರ್ಥವಿಲ್ಲದ ಇಂತಹ ಪ್ರಶ್ನೆಗಳಿಗೆ ದಿನಕ್ಕೆ ಹತ್ತು ಸಲ ‘ಹೌದು’ ಎಂದು ಒತ್ತಿ ರೂಢಿಯಾದ ಕೈ ಈ ಬಾರಿಯೂ ‘ಹೌದು’ ಎನ್ನುತ್ತದೆ. ಕರ ಕಟ್ಟಬೇಕಾದವರ ಬಾಕಿ ಕಾಣೆಯಾಗುತ್ತದೆ, ಅಥವಾ ಕರ ಕಟ್ಟಿದವರ ಮೇಲೆ ಬಾಕಿ ಉಳಿಯುತ್ತದೆ. ಗ್ರಾಮಸಭೆಯಲ್ಲಿ ಅದಕ್ಕೆ ಉತ್ತರ ಕೊಡಬೇಕಾದವರು ಸದಸ್ಯರು. ನಿಜವಾದ ಎಚ್ಚರಿಕೆಗೂ ಹುಸಿ ಎಚ್ಚರಿಕೆಗೂ ವ್ಯತ್ಯಾಸ ತಿಳಿಯದ ಸ್ಥಿತಿಗೆ ಸಿಬ್ಬಂದಿಯನ್ನು ತರುವುದೇ ಇಂತಹ ಸೇರ್ಪಡೆಗಳ ದೊಡ್ಡ ಅಪಾಯ. ಹೊರಗಿನಿಂದ ಬಂದ ಕಡತವನ್ನು ತೆರೆಯುವಾಗ ‘ಇದರಲ್ಲಿ ಮ್ಯಾಕ್ರೋ ಇದೆ, ಅನುಮತಿಸಬೇಕೇ’ ಎಂಬ ನಿಜವಾದ ಎಚ್ಚರಿಕೆ ಬಂದರೂ ಅದೇ ಕೈ ಅದೇ ಗುಂಡಿಯನ್ನು ಒತ್ತುತ್ತದೆ.

ಗ್ರಾಮಸ್ಥರ ದಾಖಲೆಗಳ ವಿಷಯವೂ ಇದೆ. ಕೆಲವು ಸ್ಕ್ಯಾನರ್‌ಗಳ ಜೊತೆಗೆ ಬರುವ ತಂತ್ರಾಂಶ, ಸ್ಕ್ಯಾನ್ ಮಾಡಿದ ಪ್ರತಿಯನ್ನು ನೇರವಾಗಿ ಅಂತರ್ಜಾಲದ ಖಾತೆಗೆ ಕಳುಹಿಸುವ ಗುಂಡಿಯನ್ನೂ ತರುತ್ತದೆ. ಪಂಚಾಯಿತಿಯ ಸ್ಕ್ಯಾನರ್‌ ಮೇಲೆ ಬರುವುದು ಆಧಾರ್ ಚೀಟಿ, ಪಡಿತರ ಚೀಟಿ, ಬ್ಯಾಂಕ್ ಪಾಸ್‌ಬುಕ್ಕು. ವೃದ್ಧಾಪ್ಯ ವೇತನದ ಅರ್ಜಿಯೊಂದಿಗೆ ಅಜ್ಜಿಯೊಬ್ಬರು ನಂಬಿ ಕೊಟ್ಟ ಕಾಗದ ಎಲ್ಲಿಗೆ ಹೋಯಿತೆಂದು ಯಾರಿಗೂ ತಿಳಿಯದ ಸ್ಥಿತಿ ಬರಬಾರದು. ವೈಯಕ್ತಿಕ ಮಾಹಿತಿಯ ರಕ್ಷಣೆಗಾಗಿ ಸಂಸತ್ತು 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವನ್ನೇ ರೂಪಿಸಿದೆ ಎಂಬುದನ್ನು ಇಲ್ಲಿ ನೆನೆಯಬೇಕು.

ಹೆಸರಾಂತ ಕಂಪನಿಯ ಯಂತ್ರ, ಆದ್ದರಿಂದ ಭಯವಿಲ್ಲ ಎಂಬ ವಾದ ಪೂರ್ತಿ ನಿಲ್ಲುವುದಿಲ್ಲ. 2014-15ರಲ್ಲಿ ಲೆನೊವೊ ಕಂಪನಿಯ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಸೂಪರ್‌ಫಿಶ್ ಎಂಬ ಜಾಹೀರಾತು ತಂತ್ರಾಂಶ ಮಾರಾಟಕ್ಕೆ ಮೊದಲೇ ಸೇರಿತ್ತು. ಅದು ಸುರಕ್ಷಿತ ಜಾಲತಾಣಗಳ ಸಂಪರ್ಕದ ನಡುವೆಯೇ ಕೈಹಾಕುತ್ತಿತ್ತು. 2015ರ ಫೆಬ್ರುವರಿಯಲ್ಲಿ ವಿಷಯ ಬಯಲಾದ ಮೇಲೆ ಕಂಪನಿ ಅದನ್ನು ಕೈಬಿಟ್ಟಿತು. 2017ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್‌ನೊಂದಿಗೆ ರಾಜಿ ಮಾಡಿಕೊಂಡಿತು. 2017ರ ಮೇ ತಿಂಗಳಲ್ಲಿ ಎಚ್‌ಪಿ ಕಂಪನಿಯ ಕೆಲವು ಲ್ಯಾಪ್‌ಟಾಪ್‌ಗಳಲ್ಲಿದ್ದ ಕೊನೆಕ್ಸಾಂಟ್ ಧ್ವನಿ ಡ್ರೈವರ್, ಕೀಲಿಮಣೆಯಲ್ಲಿ ಒತ್ತಿದ ಪ್ರತಿಯೊಂದು ಅಕ್ಷರವನ್ನೂ ಯಾರು ಬೇಕಾದರೂ ಓದಬಹುದಾದ ಕಡತವೊಂದರಲ್ಲಿ ಬರೆದಿಡುತ್ತಿದ್ದುದು ಪತ್ತೆಯಾಯಿತು. ದುರುದ್ದೇಶದಿಂದಲ್ಲ, ಪರೀಕ್ಷೆಗೆಂದು ಬರೆದ ಭಾಗ ತೆಗೆಯದೆ ಉಳಿದದ್ದರಿಂದ ಹಾಗಾಗಿತ್ತು. ಕಂಪನಿ ತಿದ್ದುಪಡಿಯನ್ನು ಹೊರತಂದಿತು. ಪಂಚಾಯಿತಿಯಲ್ಲಿ ಡಿಜಿಟಲ್ ಸಹಿಯ ಟೋಕನ್‌ಗೆ ಕೊಡುವ ಗುಪ್ತಸಂಖ್ಯೆಯನ್ನೂ ಕೀಲಿಮಣೆಯಲ್ಲಿಯೇ ಒತ್ತಲಾಗುತ್ತದೆ. 2000ದ ಮಾಹಿತಿ ತಂತ್ರಜ್ಞಾನ ಅಧಿನಿಯಮ ಡಿಜಿಟಲ್ ಸಹಿಗೆ ಕೈಬರಹದ ಸಹಿಯ ಮಾನ್ಯತೆಯನ್ನು ನೀಡಿದೆ. ಆ ಸಹಿ ಮೂಡುವ ಯಂತ್ರದಲ್ಲಿ ಏನೇನು ನಡೆಯುತ್ತಿದೆ ಎಂಬುದು ಸಹಿ ಮಾಡುವವರಿಗೆ ಗೊತ್ತಿರಬೇಕಾದದ್ದು ನ್ಯಾಯ.

ಇನ್ನು ತೆಗೆಯುವ ಕ್ರಮ. ಮೊದಲ ಹೆಜ್ಜೆ, ದೋಷ ಸೇರ್ಪಡೆಯದೇ ಎಂದು ಖಚಿತಪಡಿಸಿಕೊಳ್ಳುವುದು. ಕೀಲಿಮಣೆಯ ಕಂಟ್ರೋಲ್ ಕೀಲಿಯನ್ನು ಒತ್ತಿ ಹಿಡಿದು ವರ್ಡ್ ತೆರೆದರೆ, ಸೇಫ್ ಮೋಡ್‌ನಲ್ಲಿ ತೆರೆಯಬೇಕೇ ಎಂದು ಅದು ಕೇಳುತ್ತದೆ. ಒಪ್ಪಿದರೆ ಸೇರ್ಪಡೆಗಳಿಲ್ಲದ ವರ್ಡ್ ತೆರೆದುಕೊಳ್ಳುತ್ತದೆ. ಹಾಗೆ ತೆರೆದಾಗ ಬೇಗ ಬಂದರೆ ಮತ್ತು ತೊಂದರೆ ಕಾಣದಿದ್ದರೆ ಅನುಮಾನ ಸೇರ್ಪಡೆಗಳ ಮೇಲೆ ಬರುತ್ತದೆ. ಆಗಲೂ ನಿಧಾನವೇ ಇದ್ದರೆ ಕಾರಣ ಬೇರೆ: ಸ್ಮರಣೆಯ ಕೊರತೆ, ಹಳೆಯ ಹಾರ್ಡ್ ಡಿಸ್ಕ್, ವೈರಸ್ ಮುಂತಾದವು. ಒಂದು ನಿಮಿಷದ ಈ ಪರೀಕ್ಷೆ ಹೊಸ ಯಂತ್ರದ ಖರ್ಚನ್ನು ಉಳಿಸಬಹುದು, ಅಥವಾ ಆ ಖರ್ಚು ನಿಜಕ್ಕೂ ಅಗತ್ಯವೆಂದು ತೋರಿಸಬಹುದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿರುವುದರಿಂದ, ಯಂತ್ರ ಬದಲಿಸಲು ನ್ಯಾಯವಾದ ಕಾರಣಗಳೂ ಇರುತ್ತವೆ.

ಎರಡನೆಯ ಹೆಜ್ಜೆ, ಪಟ್ಟಿಯನ್ನು ನೋಡುವುದು. ವರ್ಡ್‌ನಲ್ಲಿ ಫೈಲ್, ಆಪ್ಷನ್ಸ್, ಆಡ್-ಇನ್ಸ್ ಎಂದು ಹೋದರೆ ಸೇರ್ಪಡೆಗಳೆಲ್ಲ ಕಾಣುತ್ತವೆ. ಪ್ರತಿಯೊಂದನ್ನು ಆರಿಸಿದಾಗ ಅದರ ಪ್ರಕಾಶಕರು ಯಾರು, ಅದು ಯಾವ ಫೋಲ್ಡರ್‌ನಲ್ಲಿದೆ ಎಂಬುದು ಕೆಳಗೆ ತೋರುತ್ತದೆ. ಫೋಲ್ಡರ್‌ನ ಹೆಸರಿನಿಂದಲೇ ಅದು ಯಾವ ಸಾಧನದೊಂದಿಗೆ ಬಂದದ್ದೆಂದು ಬಹುತೇಕ ತಿಳಿಯುತ್ತದೆ. ಈ ಪುಟದ ಚಿತ್ರವನ್ನು ಮುದ್ರಿಸಿ ಇಟ್ಟುಕೊಳ್ಳುವುದು ಒಳ್ಳೆಯದು.

ಮೂರನೆಯ ಹೆಜ್ಜೆ, ನಿಲ್ಲಿಸುವುದು. ಅದೇ ಪುಟದ ಕೆಳಭಾಗದಲ್ಲಿ ಮ್ಯಾನೇಜ್ ಎಂಬಲ್ಲಿ ಕಾಮ್ ಆಡ್-ಇನ್ಸ್ ಎಂಬುದನ್ನು ಆರಿಸಿ ಗೋ ಒತ್ತಿದರೆ, ಹೆಸರುಗಳ ಮುಂದೆ ಟಿಕ್ ಗುರುತುಗಳಿರುವ ಪಟ್ಟಿ ಬರುತ್ತದೆ. ಅನುಮಾನವಿರುವ ಒಂದರ ಗುರುತನ್ನು ಮಾತ್ರ ತೆಗೆದು, ವರ್ಡ್ ಮುಚ್ಚಿ ಮತ್ತೆ ತೆರೆಯಬೇಕು. ಒಂದೇ ಸಲಕ್ಕೆ ಎಲ್ಲವನ್ನೂ ತೆಗೆದರೆ ಯಾವುದು ಕಾರಣವೆಂದು ಎಂದಿಗೂ ತಿಳಿಯುವುದಿಲ್ಲ. ಪಕ್ಕದಲ್ಲಿರುವ ರಿಮೂವ್ ಗುಂಡಿಗೆ ಅವಸರಪಡಬಾರದು; ಗುರುತು ತೆಗೆದದ್ದನ್ನು ಬೇಕೆಂದಾಗ ಮತ್ತೆ ಹಾಕಬಹುದು. ಯಂತ್ರದ ಎಲ್ಲ ಬಳಕೆದಾರರಿಗೂ ಸೇರಿದ ಸೇರ್ಪಡೆಯಾದರೆ ಬದಲಾವಣೆಗೆ ಅವಕಾಶವಿಲ್ಲವೆಂಬ ಸೂಚನೆ ಬರಬಹುದು. ಆಗ ವರ್ಡ್ ಅನ್ನು ಅಡ್ಮಿನಿಸ್ಟ್ರೇಟರ್ ಅಧಿಕಾರದೊಂದಿಗೆ ತೆರೆದು ಇದೇ ಕೆಲಸವನ್ನು ಮಾಡಬೇಕು. ಎಕ್ಸೆಲ್‌ಗೆ ಅದರದೇ ಪಟ್ಟಿಯಿದೆ. ವರ್ಡ್‌ನಲ್ಲಿ ತೆಗೆದದ್ದು ಎಕ್ಸೆಲ್‌ನಲ್ಲಿ ತಾನಾಗಿ ಹೋಗುವುದಿಲ್ಲ. ಲಿಬ್ರೆ ಆಫೀಸ್ ಬಳಸುವ ಕಚೇರಿಗಳಲ್ಲಿ ಟೂಲ್ಸ್ ಪಟ್ಟಿಯ ಎಕ್ಸ್‌ಟೆನ್ಷನ್ಸ್ ಎಂಬಲ್ಲಿ ನೋಡಬೇಕು.

ನಾಲ್ಕನೆಯ ಹೆಜ್ಜೆ, ಬೇರು ಸಹಿತ ಕೀಳುವುದು. ಕೆಲವು ದಿನ ಕೆಲಸ ಮಾಡಿ ಯಾವ ತೊಂದರೆಯೂ ಇಲ್ಲವೆಂದು ಕಂಡ ಮೇಲೆ, ಕಂಟ್ರೋಲ್ ಪ್ಯಾನೆಲ್‌ನ ಪ್ರೋಗ್ರಾಮ್‌ಗಳ ಪಟ್ಟಿಯಿಂದ ಆ ಜೊತೆಗಾರ ತಂತ್ರಾಂಶವನ್ನು ತೆಗೆಯಬಹುದು. ಡ್ರೈವರ್ ಉಳಿಯಬೇಕು, ಜೊತೆಗಾರ ಹೋಗಬೇಕು; ಈ ವ್ಯತ್ಯಾಸವನ್ನು ಮರೆತರೆ ಪ್ರಿಂಟರೇ ನಿಲ್ಲುತ್ತದೆ. ರಿಜಿಸ್ಟ್ರಿಯಲ್ಲಿ ನೇರವಾಗಿ ಅಂಕಿ ಬದಲಿಸುವ ಕೆಲಸ ಬಲ್ಲ ತಂತ್ರಜ್ಞರದು. ಅವರೂ ಮೊದಲು ಅದರ ಪ್ರತಿಯನ್ನು ಉಳಿಸಿಕೊಂಡೇ ಮುಂದುವರಿಯಬೇಕು.

ಮುಟ್ಟಬಾರದ ವಸ್ತುಗಳೂ ಇವೆ. ಡಿಜಿಟಲ್ ಸಹಿ ಟೋಕನ್‌ನ ತಂತ್ರಾಂಶ, ಬೆರಳಚ್ಚು ಸಾಧನದ ಆರ್.ಡಿ. ಸರ್ವೀಸ್, ಆ್ಯಂಟಿವೈರಸ್ ಇವು ವರ್ಡ್‌ನ ಸೇರ್ಪಡೆಗಳಲ್ಲ. ಸ್ವಚ್ಛಗೊಳಿಸುವ ಉತ್ಸಾಹದಲ್ಲಿ ಟೋಕನ್‌ನ ತಂತ್ರಾಂಶವನ್ನು ಅಳಿಸಿದರೆ ಮರುದಿನ ಪಾವತಿಗಳಿಗೆ ಸಹಿ ಆಗುವುದಿಲ್ಲ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶವೂ ಪ್ರತ್ಯೇಕವಾಗಿ ನಡೆಯುವಂಥದ್ದು. ವರ್ಡ್‌ನ ಸೇರ್ಪಡೆಯನ್ನು ನಿಲ್ಲಿಸಿದ ಮಾತ್ರಕ್ಕೆ ಕನ್ನಡ ಬರಹ ನಿಲ್ಲುತ್ತದೆಂಬ ಅಂಜಿಕೆ ಬೇಡ. ಹಾಗೆಯೇ ಯಂತ್ರವನ್ನು ವೇಗಗೊಳಿಸುತ್ತೇವೆಂದು ಅಂತರ್ಜಾಲದಲ್ಲಿ ಕರೆಯುವ ಉಚಿತ ತಂತ್ರಾಂಶಗಳನ್ನು ಹಾಕಬಾರದು. ಒಂದು ಕಳೆ ಕೀಳಲು ಮತ್ತೊಂದು ಕಳೆಯ ಬೀಜವನ್ನು ಬಿತ್ತಿದಂತಾಗುತ್ತದೆ.

ಬಂದದ್ದನ್ನು ತೆಗೆಯುವುದಕ್ಕಿಂತ ಬರದಂತೆ ತಡೆಯುವುದು ಸುಲಭ. ಹೊಸ ಪ್ರಿಂಟರ್ ಜೋಡಿಸುವಾಗ ಸಿ.ಡಿ. ಹಾಕಿ ಮುಂದೆ, ಮುಂದೆ ಎಂದು ಒತ್ತುತ್ತ ಹೋಗುವ ರೂಢಿ ಎಲ್ಲ ಕಡೆಯೂ ಇದೆ. ಅದರ ಬದಲು ಕಸ್ಟಮ್ ಎಂಬ ಆಯ್ಕೆಯನ್ನು ಹಿಡಿದು, ಡ್ರೈವರ್ ಒಂದನ್ನು ಉಳಿಸಿ ಬೇರೆಲ್ಲ ಗುರುತುಗಳನ್ನು ತೆಗೆಯಬೇಕು. ಬಹಳಷ್ಟು ಪ್ರಿಂಟರ್‌ಗಳಿಗೆ ಬೇಕಾದಷ್ಟು ಡ್ರೈವರ್ ಅನ್ನು ವಿಂಡೋಸ್ ತಾನೇ ಒದಗಿಸುತ್ತದೆ. ತಯಾರಕರ ಅಧಿಕೃತ ಜಾಲತಾಣದಲ್ಲಿ ಬೇಸಿಕ್ ಡ್ರೈವರ್ ಎಂಬ ಹೆಸರಿನಲ್ಲಿ ಚಿಕ್ಕ ಕಡತ ದೊರೆಯುವುದೂ ಉಂಟು. ದಿನನಿತ್ಯದ ಕೆಲಸಕ್ಕೆ ಸಾಮಾನ್ಯ ಬಳಕೆದಾರ ಖಾತೆಯನ್ನೇ ಬಳಸಿದರೆ, ಅಡ್ಮಿನಿಸ್ಟ್ರೇಟರ್ ಗುಪ್ತಪದವಿಲ್ಲದೆ ಎಲ್ಲ ಬಳಕೆದಾರರಿಗೆ ತಗಲುವ ಸೇರ್ಪಡೆ ಯಾವುದೂ ಒಳಗೆ ಬರಲಾರದು. ಡ್ರೈವರ್ ಪರಿಷ್ಕರಣೆಯಾದಾಗ ತೆಗೆದ ಸೇರ್ಪಡೆ ಮರಳಿ ಬರುವ ಸಂಭವವಿದೆ; ಆದಕಾರಣ ಒಮ್ಮೆ ನೋಡಿ ಬಿಡುವ ಕೆಲಸ ಇದಲ್ಲ.

ಹೊಸದುರ್ಗದಿಂದಲೋ ಚಿತ್ರದುರ್ಗದಿಂದಲೋ ದುರಸ್ತಿಗಾರರು ಬರುವವರೆಗೆ ಕಚೇರಿಯ ಕೆಲಸ ನಿಲ್ಲುವುದು ಹಳ್ಳಿಗಳ ಅನುಭವ. ಬಂದವರು ಏನು ಮಾಡಿದರೆಂಬ ದಾಖಲೆಯೂ ಉಳಿಯುವುದಿಲ್ಲ. ಅಭಿವೃದ್ಧಿ ಅಧಿಕಾರಿಯೋ ಡಾಟಾ ಎಂಟ್ರಿ ಆಪರೇಟರೋ ಬದಲಾದರೆ ತಿಳಿದಿದ್ದ ಅಷ್ಟೂ ವಿಷಯ ಅವರೊಂದಿಗೇ ಹೋಗುತ್ತದೆ. ಕೊಳವೆಬಾವಿಯ ಮೋಟಾರು ರಿಪೇರಿಯಾದರೆ ಬಿಲ್ಲು, ದಿನಾಂಕ, ಬದಲಿಸಿದ ಬಿಡಿಭಾಗ ಎಲ್ಲವನ್ನೂ ಕೇಳುವ ಸಭೆ, ಗಣಕಯಂತ್ರದ ವಿಷಯದಲ್ಲಿಯೂ ಅಷ್ಟೇ ಕಟ್ಟುನಿಟ್ಟಾಗಿ ಕೇಳಬಹುದು. ಅದಕ್ಕಾಗಿ ಸಾಮಾನ್ಯ ಸಭೆಯಲ್ಲಿ ಈ ಕೆಳಗಿನ ಅಂಶಗಳನ್ನು ನಿರ್ಣಯವಾಗಿ ಪರಿಶೀಲಿಸಬಹುದು:

1. ಪ್ರತಿ ಗಣಕಯಂತ್ರಕ್ಕೆ ಒಂದು ವಹಿಯನ್ನು ಇಡುವುದು. ಜೋಡಿಸಿದ ಸಾಧನ, ಹಾಕಿದ ಡ್ರೈವರ್, ನಿಲ್ಲಿಸಿದ ಸೇರ್ಪಡೆ, ದಿನಾಂಕ ಮತ್ತು ಮಾಡಿದವರ ಸಹಿಯನ್ನು ಅದರಲ್ಲಿ ನಮೂದಿಸುವುದು.

2. ಮೂರು ತಿಂಗಳಿಗೊಮ್ಮೆ ಹಾಗೂ ಹೊಸ ಸಾಧನ ಜೋಡಿಸಿದಾಗಲೆಲ್ಲ ವರ್ಡ್ ಮತ್ತು ಎಕ್ಸೆಲ್‌ನ ಸೇರ್ಪಡೆಗಳ ಪಟ್ಟಿಯನ್ನು ಮುದ್ರಿಸಿ ವಹಿಗೆ ಅಂಟಿಸುವುದು.

3. ದಿನನಿತ್ಯದ ಕೆಲಸಕ್ಕೆ ಸಾಮಾನ್ಯ ಖಾತೆಯನ್ನು ಬಳಸುವುದು. ಅಡ್ಮಿನಿಸ್ಟ್ರೇಟರ್ ಗುಪ್ತಪದವನ್ನು ಮೊಹರು ಮಾಡಿದ ಲಕೋಟೆಯಲ್ಲಿಟ್ಟು, ಅಧಿಕಾರಿ ಬದಲಾದಾಗ ಪ್ರಭಾರ ಪಟ್ಟಿಯಲ್ಲಿ ಸೇರಿಸಿ ಹಸ್ತಾಂತರಿಸುವುದು.

4. ಡಿಜಿಟಲ್ ಸಹಿಯ ಟೋಕನ್ ಅನ್ನು ಸಹಿಯ ಸಮಯದಲ್ಲಿ ಮಾತ್ರ ಜೋಡಿಸಿ, ಕೆಲಸ ಮುಗಿದ ಕೂಡಲೇ ತೆಗೆದು ಅದರ ಒಡೆಯರೇ ಇಟ್ಟುಕೊಳ್ಳುವುದು.

5. ನಿಧಾನಗತಿಯ ಕಾರಣ ನೀಡಿ ಹೊಸ ಗಣಕಯಂತ್ರದ ಪ್ರಸ್ತಾವನೆ ಬಂದಾಗ, ಸೇಫ್ ಮೋಡ್ ಪರೀಕ್ಷೆಯ ಫಲಿತಾಂಶವನ್ನು ಟಿಪ್ಪಣಿಯಲ್ಲಿ ಬರೆಯುವಂತೆ ಸೂಚಿಸುವುದು.

ಈ ಐದರಲ್ಲಿ ಯಾವುದಕ್ಕೂ ಪ್ರತ್ಯೇಕ ಅನುದಾನ ಬೇಕಿಲ್ಲ. ಒಂದು ವಹಿ, ಒಂದು ಲಕೋಟೆ ಮತ್ತು ತಿಂಗಳುಗಳ ಅಂತರದಲ್ಲಿ ಅರ್ಧ ಗಂಟೆಯ ಕೆಲಸ ಸಾಕು. ಸಿಬ್ಬಂದಿಯ ಮೇಲೆ ಅನುಮಾನಪಡುವುದು ಇದರ ಉದ್ದೇಶವಲ್ಲ. ಕೇಳದೆ ಬಂದ ತಂತ್ರಾಂಶದ ತಪ್ಪಿಗೆ ಸಿಬ್ಬಂದಿ ಬೈಗುಳ ತಿನ್ನುವುದನ್ನೂ ಈ ವಹಿ ತಪ್ಪಿಸುತ್ತದೆ. ಮುಂದಿನ ಸಭೆಯಲ್ಲಿ ಸದಸ್ಯರೊಬ್ಬರು ಎದ್ದು, ‘ಕಚೇರಿಯ ಯಂತ್ರದಲ್ಲಿ ಯಾವ ಯಾವ ಸೇರ್ಪಡೆಗಳಿವೆ, ಅವುಗಳಲ್ಲಿ ಪಂಚಾಯಿತಿಗೆ ಬೇಕಾದವು ಎಷ್ಟು’ ಎಂದು ಕೇಳಿದರೆ, ಅಂದಿನಿಂದಲೇ ಈ ಕೆಲಸ ಆರಂಭವಾಗುತ್ತದೆ.